ಗೆರೆಗಳು ಸೇರುವ ಶಾಲೆ

ನಮ್ಮೂರಿನಲ್ಲಿ ಯಾರೂ ಕಾಗದವನ್ನು ನೆಲದ ಮೇಲೆ ಇಡುವುದಿಲ್ಲ. ಕಡಲೆಕಾಯಿ ಮಾರುವವನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಡುತ್ತಾನೆ. ಪೋಸ್ಟ್‌ಮ್ಯಾನ್ ಪತ್ರವನ್ನು ಕೈಗೇ ಕೊಡುತ್ತಾನೆ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗೊಣಗಿಕೊಂಡು ವಾಪಸ್ ಹೋಗುತ್ತಾನೆ. ಯಾವ ಕಾಗದದ ಮೂಲೆಯಲ್ಲಿ ಯಾರು ಏನು ಗೀಚಿದ್ದಾರೋ ಯಾರಿಗೆ ಗೊತ್ತು! ಚಿತ್ರವಿರುವ ಕಾಗದ ಬಯಲು ನೆಲಕ್ಕೆ ತಾಗಿತೋ, ವಾರ ಕಳೆಯುವುದರೊಳಗೆ ಅದರಲ್ಲಿದ್ದದ್ದು ಅಲ್ಲಿ ಎದ್ದು ನಿಂತಿರುತ್ತದೆ. ಪರವೂರಿನವರು ಇದನ್ನು ಕೇಳಿ ಬಾಯಿ ಬಾಯಿ ಬಿಡುತ್ತಾರೆ. ನಾವು ಹುಟ್ಟಿದಾಗಿನಿಂದ ನೋಡುತ್ತಿದ್ದೇವೆ, ನಮಗೇನೂ ಅನ್ನಿಸುವುದಿಲ್ಲ.

ಹಾಗಾಗಿ ನಮ್ಮಲ್ಲಿ ಗಾರೆ ಕೆಲಸದವರಿಲ್ಲ, ಬರೆಯುವವರಿದ್ದಾರೆ. ಅವರಲ್ಲಿ ನಾನೊಬ್ಬಳು, ಹೆಸರು ಶಾಂತವೀರಮ್ಮ. ಈ ಊರಿನ ಅರ್ಧ ಮನೆಗಳನ್ನು ಬರೆದವಳು ನಾನು. ಸೋರುವ ಇನ್ನರ್ಧ ನನ್ನದಲ್ಲ. ನಮ್ಮ ಕ್ರಮ ಏನೆಂದರೆ ಮುಂದಿನ ಗೋಡೆಗೆ ಒಂದು ಹಾಳೆ, ಹಿಂದಿನದಕ್ಕೆ ಒಂದು, ಪಕ್ಕದವಕ್ಕೆ ಬೇರೆ, ಮೇಲಿನಿಂದ ನೋಡಿದ ನೆಲಕ್ಕೆ ಇನ್ನೊಂದು. ಎಲ್ಲ ಚಪ್ಪಟೆ, ಎಲ್ಲ ಅಳತೆಗೆ ಸರಿ. ಜಾಗದಲ್ಲಿ ಹಾಸಿ, ಮೂಲೆಗೆ ಕಲ್ಲಿಟ್ಟು, ಮೇಲೆ ಜಮಖಾನ ಹೊದಿಸುತ್ತೇವೆ. ಚಿತ್ರ ಜಾಗಕ್ಕೆ ತಕ್ಕಂತೆ ಹಿಗ್ಗಿಕೊಂಡು ಏಳುತ್ತದೆ. ಆದರೆ ಹುಷಾರಾಗಿರಬೇಕು. ಒಂದು ಜಾಗ ಒಂದೇ ಸಲ ಚಿತ್ರ ಒಪ್ಪಿಕೊಳ್ಳುವುದು, ಎದ್ದದ್ದು ಯಾವ ಹಾರೆಗೂ ಬಗ್ಗುವುದಿಲ್ಲ. ಮಾರ್ಕೆಟ್ ಕಟ್ಟಡ ಬರೆದ ಪುಣ್ಯಾತ್ಮ ಹಾಳೆಯ ಮೇಲೆ ನೊಣ ಹೊಡೆದಿದ್ದ. ಆ ಗೋಡೆಯ ಮೇಲೆ ಇವತ್ತಿಗೂ ಎಮ್ಮೆಯಷ್ಟು ದೊಡ್ಡ ಕಲ್ಲಿನ ನೊಣ ಇದೆ. ಊರಿನವರೆಲ್ಲ "ಸಂಜೆ ನೊಣದ ಹತ್ತಿರ ಸಿಗು" ಅಂತಲೇ ಹೇಳುವುದು.

ನಮ್ಮ ಹಳೇ ಶಾಲೆಯದೂ ಇಂಥದ್ದೇ ಕರ್ಮ. ಅದನ್ನು ಬರೆದವನು ಕಿಟಕಿಗಳನ್ನೆಲ್ಲ ಸೂರಿಗೆ ಅಂಟಿಸಿ ಬರೆದುಬಿಟ್ಟಿದ್ದ. ಒಳಗೆ ಕೂತರೆ ಒಂದು ತುಂಡು ಆಕಾಶ ಬಿಟ್ಟು ಬೇರೇನೂ ಕಾಣದು. ಪ್ರತಿ ವರ್ಷ ಒಂದನೇ ಕ್ಲಾಸಿನ ಮಕ್ಕಳು ಸ್ವಲ್ಪ ಹೊತ್ತು ಕೂರುವುದು, ಒಂದು ಮಗು ಅಮ್ಮಾ ಅಂದದ್ದೇ ತಡ ಎಲ್ಲವೂ ಅಮ್ಮಾ ಅನ್ನುವುದು, ಆಮೇಲೆ ಮನೆಗೆ ಓಟ. ಕೊನೆಗೆ ಇನ್ಸ್‌ಪೆಕ್ಟರ್ ಜಯತೀರ್ಥರು ಬಂದು ಕಡ್ಡಿ ಮುರಿದ ಹಾಗೆ ಹೇಳಿದರು. "ಜೂನ್‌ನಲ್ಲಿ ಶಾಲೆ ಶುರುವಾಗೋ ದಿನ ನಾನೇ ಬಂದು ಕೂರ್ತೀನಿ. ಒಂದನೇ ಕ್ಲಾಸು ಸಂಜೆ ಗಂಟೆ ಹೊಡೆಯೋವರೆಗೆ ಒಳಗಿದ್ದರೆ ಶಾಲೆ ಉಳಿಯುತ್ತೆ. ಒಂದು ಮಗು ಓಡಿದರೂ ಬೀಗ ಹಾಕಿಸ್ತೀನಿ. ಆಮೇಲೆ ಎಲ್ಲರಿಗೂ ಗುಡ್ಡದಾಚೆಯ ಹಾಸ್ಟೆಲೇ ಗತಿ."

ಆ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾದವಳು ಯಾರು ಅಂತೀರಿ? ನನ್ನ ಮೊಮ್ಮಗಳು ಹೊನ್ನಿ. ಮಗಳು ಅಳಿಯ ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಹಿಟ್ಟಿನ ಗಿರಣಿಯಲ್ಲಿರುತ್ತಾರೆ, ಹಾಗಾಗಿ ಹೊನ್ನಿ ಬೆಳೆದದ್ದು ನನ್ನ ಸೆರಗಿನಲ್ಲಿ. ನಾನು ಹಿತ್ತಲಿಗೆ ಹೋದರೂ ಸೆರಗು ಹಿಡಿದು ಬರುತ್ತಿದ್ದಳು. ಸ್ನಾನಕ್ಕೆ ಹೋದರೆ ಬಾಗಿಲಾಚೆ ನಿಂತು "ಅಜ್ಜಿ ಇದೀಯಾ?" ಅಂತ ಕೇಳುತ್ತಲೇ ಇರುತ್ತಿದ್ದಳು. ಇವಳು ಹಾಸ್ಟೆಲಿನಲ್ಲಿ ಮಲಗುವುದೇ?

ಊರಿನಲ್ಲಿ ಉಳಿದಿದ್ದ ಖಾಲಿ ಜಾಗ ಒಂದೇ, ಕೆರೆಯ ಪಕ್ಕದ ಬಯಲು. ಅಲ್ಲಿ ಹೊಸ ಶಾಲೆ ಎಬ್ಬಿಸುವುದು ಅಂತಾಯಿತು. ಬರೆಯುವ ಕೆಲಸ ನನಗೇ ಬಂತು. ಒಂದೇ ಜಾಗ, ಒಂದೇ ಚಿತ್ರ, ತಪ್ಪಿದರೆ ಹೊನ್ನಿ ಗುಡ್ಡದಾಚೆಗೆ. ಅಷ್ಟು ಹೊತ್ತಿಗೆ ಸರಿಯಾಗಿ ನಮ್ಮ ಶಾಲೆಗೆ ವರ್ಗವಾಗಿ ಬಂದವಳು ಫಿಲೋಮಿನಾ ಟೀಚರ್. ಕಡಲ ಕಡೆಯವಳು, ಮೂವತ್ತರ ಆಸುಪಾಸು, ಕೈಗೆ ಸದಾ ಸೀಮೆಸುಣ್ಣದ ಪುಡಿ ಮೆತ್ತಿಕೊಂಡಿರುವವಳು. ನನ್ನ ಚಪ್ಪಟೆ ಚಿತ್ರಗಳನ್ನು ನೋಡಿ "ಚೆಂದ ಉಂಟು ವೀರಮ್ಮ, ಆದರೆ ಇದರ ಒಳಗೆ ಹೋಗಲಿಕ್ಕೆ ಆಗುವುದಿಲ್ಲವಲ್ಲ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಹಲಗೆ, ಪೆನ್ಸಿಲ್ ಹಿಡಿದುಕೊಂಡು ಅವಳ ಎದುರು ಕೂತೆ.

ಅವಳು ಹಳೇ ಶಾಲೆಯ ಜಗಲಿಯ ಕೊನೆಯ ಗೋಡೆಗೆ ಒಂದು ಮೊಳೆ ಹೊಡೆದಳು. ಮೊಳೆಯಿಂದ ದಾರಗಳನ್ನು ಎಳೆದು ತಂದು ಎಲ್ಲವನ್ನೂ ನನ್ನ ಕೈಗೆ ಕೊಟ್ಟಳು. "ಇದು ಸೂರಿನ ಗೆರೆ, ಇದು ನೆಲದ ಗೆರೆ, ಇದು ಕಂಬಗಳ ಬುಡದ ಗೆರೆ. ನಿಮ್ಮ ಎದುರಿನಿಂದ ದೂರ ಹೋಗುವ ಗೆರೆಗಳೆಲ್ಲ ಆ ಮೊಳೆಯಲ್ಲಿ ಸೇರುತ್ತವೆ."

"ಅದು ಹೆಂಗೆ ಸೇರ್ತವೆ? ಮುಂದಿನ ಕಂಬ ಇಷ್ಟುದ್ದ ಬರಿ, ಹಿಂದಿಂದು ಗೇಣುದ್ದ ಬರಿ ಅಂತೀಯಲ್ಲ, ಎಲ್ಲಾ ಕಂಬನೂ ನಾನೇ ಅಳೆದಿದ್ದೀನಿ. ಒಂದೇ ಅಳತೆ!"

"ಅಳತೆಪಟ್ಟಿ ಕೆಳಗಿಡಿ ಮಾರಾಯ್ರೆ. ಒಂದು ಕಣ್ಣು ಮುಚ್ಚಿ. ಕಾಣುವುದನ್ನು ಬರೆಯಿರಿ."

"ಸುಳ್ಳು ಅಂತ ಗೊತ್ತಿದ್ದೂ ಬರೀಲಾ?"

"ಸುಳ್ಳಲ್ಲ ವೀರಮ್ಮ. ನೀವು ಎಲ್ಲಿ ನಿಂತಿದ್ದೀರಿ ಅಂತ ಬರೆಯುವುದು."

ಹದಿನೈದು ದಿನ ಜಗಳ ಆಡಿದೆ. ಮೊದಲ ಚಿತ್ರದಲ್ಲಿ ಎಡಗೋಡೆಗೊಂದು ಮೊಳೆ, ಬಲಗೋಡೆಗೊಂದು ಮೊಳೆ ಇಟ್ಟುಬಿಟ್ಟಿದ್ದೆ. ನನ್ನ ಯಜಮಾನರು ಗುರುಪಾದಪ್ಪ ಅದನ್ನು ನೋಡಿ, "ಏನೇ, ಗೋಡೆಗಳು ಮುಖ ತಿರುಗಿಸಿಕೊಂಡು ಕೂತಾವಲ್ಲ, ನಮ್ಮಿಬ್ಬರ ಚಿತ್ರವಾ?" ಅಂದರು. ಅವರಿಗೆ ಅವತ್ತು ಸಪ್ಪೆ ಸಾರು ಬಡಿಸಿದೆ. ಆಮೇಲೆ ಒಂದು ಸಂಜೆ ನಮ್ಮ ಬೀದಿಯ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿದೆ ನೋಡಿ, ಅಯ್ಯಯ್ಯೋ, ಕಂಡೇಬಿಟ್ಟಿತು! ಸೂರುಗಳು ಇಳಿಯುತ್ತಾ, ಚರಂಡಿ ಕಲ್ಲುಗಳು ಏರುತ್ತಾ, ಎರಡೂ ಕಡೆಯ ಮನೆಗಳು ಕಿರಿದಾಗುತ್ತಾ ಹೋಗಿ ನೊಣದ ಮಾರ್ಕೆಟ್ಟಿನ ಹತ್ತಿರ ಒಂದೇ ಚುಕ್ಕೆಯಲ್ಲಿ ಸೇರಿದ್ದವು. ಅರವತ್ತು ವರ್ಷ ಅದೇ ಬೀದಿಯಲ್ಲಿ ಓಡಾಡಿದ್ದೆ, ಒಂದು ದಿನವಾದರೂ ಕಂಡಿರಲಿಲ್ಲ. ಖುಷಿಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ಹೋದಲ್ಲಿ ಬಂದಲ್ಲಿ ಒಂದು ಕಣ್ಣು ಮುಚ್ಚಿಕೊಂಡೇ ನೋಡತೊಡಗಿದೆ. ಎಲೆ ಅಡಿಕೆ ಅಂಗಡಿಯವನು ನಾನು ಅವನಿಗೆ ಕಣ್ಣು ಹೊಡೆದೆ ಅಂದುಕೊಂಡು ಎರಡು ಎಲೆ ಜಾಸ್ತಿ ಕೊಟ್ಟ. ಯಜಮಾನರು ಕೈಮುಗಿದು, "ಮನೆಯೊಳಗೆ ಎಷ್ಟು ಬೇಕಾದರೂ ಮುಚ್ಚು ಮಾರಾಯ್ತಿ, ಬೀದಿಯಲ್ಲಿ ಬೇಡ" ಅಂದರು.

ಫಿಲೋಮಿನಾ ಒಂದೊಂದೇ ಗುಟ್ಟು ಬಿಚ್ಚಿದಳು. ಹತ್ತಿರದ ಕಂಬಗಳ ನಡುವೆ ಜಾಗ ಹೆಚ್ಚು, ದೂರದ ಕಂಬಗಳು ಒತ್ತೊತ್ತಾಗಿ ನಿಲ್ಲುತ್ತವೆ. ಎಷ್ಟು ಒತ್ತಾಗಿ ಅನ್ನುವುದನ್ನು ಕಣ್ಣಂದಾಜಿಗೆ ಬಿಡಬಾರದು, ಮೂಲೆಯಿಂದ ಮೂಲೆಗೆ ಓರೆಗೆರೆ ಎಳೆದು ಕಂಡುಹಿಡಿಯಬೇಕು. ಎಲ್ಲಕ್ಕಿಂತ ಮೊದಲು ಹಾಳೆಗೆ ಅಡ್ಡವಾಗಿ ಕಣ್ಣಿನ ಗೆರೆ ಎಳೆಯಬೇಕು. "ನೀವು ಕೂತರೆ ಆ ಗೆರೆಯೂ ಕೂರುತ್ತದೆ, ಎದ್ದರೆ ಏಳುತ್ತದೆ" ಅಂದಳು. ಹೊನ್ನಿ ಪಕ್ಕದಲ್ಲೇ ಇದ್ದಳಲ್ಲ, "ನನ್ನ ಗೆರೆ ಎಲ್ಲಿ?" ಅಂತ ಕೇಳಿದಳು. ಟೀಚರ್ ಅವಳ ಕಣ್ಣಿಗೆ ನೇರವಾಗಿ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅದು ನನ್ನ ಸೊಂಟದ ಹತ್ತಿರವಿತ್ತು.

ಬೇಸಿಗೆ ರಜೆಗೆ ಫಿಲೋಮಿನಾ ಊರಿಗೆ ಹೊರಟಾಗ ನನ್ನ ಹತ್ತಿರ ಹೊಸ ಶಾಲೆಯ ಎರಡು ಥರದ ಚಿತ್ರಗಳಿದ್ದವು. ಒಂದು, ನಮ್ಮ ಪದ್ಧತಿಯ ಚಪ್ಪಟೆ ಹಾಳೆಗಳು. ಇನ್ನೊಂದು ಹೊಸ ವಿದ್ಯೆಯಲ್ಲಿ ಬರೆದ ಒಂದೇ ದೊಡ್ಡ ಹಾಳೆ. ಎತ್ತರದ ಕಮಾನು ಬಾಗಿಲು, ಅದರಾಚೆ ಉದ್ದನೆಯ ಓಣಿ, ಎರಡೂ ಕಡೆ ತರಗತಿಗಳ ಬಾಗಿಲುಗಳು, ಅವೆಲ್ಲ ಸಣ್ಣದಾಗುತ್ತಾ ಆಗುತ್ತಾ ಚುಕ್ಕೆಗೆ ಹೋಗಿ ಸೇರುವುದು. ಹೊನ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣೆಯ ಮೇಲೆ ಕೂತು ಬರೆದಿದ್ದೆ. ಹಾಗಾಗಿ ಕಣ್ಣಿನ ಗೆರೆಯನ್ನು ಅವಳ ಎತ್ತರಕ್ಕೇ ಹಾಕಿದ್ದೆ. ಟೀಚರ್ ಬಸ್ಸು ಹತ್ತುತ್ತಾ, "ಇದು ನೋಡಲಿಕ್ಕೆ, ಅವು ಕಟ್ಟಲಿಕ್ಕೆ, ಗೊತ್ತಾಯಿತಲ್ಲ?" ಅಂದಳು. ನಾನು ಗೊತ್ತಾಯಿತು ಅಂದೆ. ಏನು ಗೊತ್ತಾಯಿತೋ ಆ ದೇವರಿಗೇ ಗೊತ್ತು.

ಹಾಸುವ ದಿನ ಊರೇ ಬಯಲಲ್ಲಿ ನೆರೆದಿತ್ತು. ನಾನು ಸುಮ್ಮನೆ ಹಾಸಿ ಮನೆಗೆ ಹೋಗಬಹುದಿತ್ತು, ಆದರೆ ಕಲಿತದ್ದನ್ನು ತೋರಿಸದೆ ಇರುವ ಜೀವ ನನ್ನದಲ್ಲ. ಆ ದೊಡ್ಡ ಹಾಳೆಯನ್ನು ಎರಡು ಕೋಲಿಗೆ ಕಟ್ಟಿ ಎತ್ತಿ ಹಿಡಿಸಿದೆ. ಜನ ಮುಂದೆ ನುಗ್ಗಿದರು. ಒಬ್ಬಳು ಚಿತ್ರದ ಬಾಗಿಲೊಳಗೆ ಕೈ ಹಾಕಲು ಹೋದಳು. ಎಲೆ ಅಂಗಡಿಯವನು, "ಈ ಚಪ್ಪಟೆ ಹಾಳೆಗಳನ್ನ ನೋಡಿದ್ರೆ ನೆಲಕ್ಕೆ ಏನ್ ತಿಳೀತದೆ? ಇದನ್ನ ನೋಡಿದ್ರೆ ಶಾಲೆ ಅಂದ್ರೆ ಏನು ಅಂತ ಕಣ್ಣಿಗೆ ಕಟ್ಟಿದ ಹಾಗೆ ತಿಳೀತದೆ. ಇದನ್ನೇ ಹಾಸಿ!" ಅಂದ. ಹೌದು ಹೌದು ಅಂತ ಎಲ್ಲರೂ ಕೂಗಿದರು. ಒಬ್ಬರಾದರೂ ಬೇಡ ಅನ್ನಬೇಕಿತ್ತಲ್ಲ? ಅನ್ನಲಿಲ್ಲ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನೇ ಕೈಯಾರೆ ಮೂಲೆಗಳಿಗೆ ಕಲ್ಲಿಟ್ಟೆ.

ವಾರ ಕಳೆದು ಜಮಖಾನ ಜಾರಿಬಿದ್ದಾಗ ಕಮಾನು ಬಾಗಿಲು ಆನೆ ಹೋಗುವಷ್ಟು ಎತ್ತರ ನಿಂತಿತ್ತು. ಜನ ಚಪ್ಪಾಳೆ ತಟ್ಟಿದರು, ನನಗೊಂದು ಹಾರ ಹಾಕಿದರು. ಯಜಮಾನರು ಎಲ್ಲರಿಗಿಂತ ಮುಂದೆ ಎದೆಯುಬ್ಬಿಸಿ ಒಳಗೆ ನಡೆದರು. ಏಳನೇ ಕ್ಲಾಸಿನ ಬಾಗಿಲು ದಾಟಿದರು, ಆರನೆಯದು ದಾಟಿದರು. ನಾಲ್ಕನೆಯದರ ಹತ್ತಿರ ಸೂರಿಗೆ ತಲೆ ಡಬ್ ಅಂತ ಬಡಿಯಿತು. ಅಲ್ಲಿಂದಾಚೆ ನೆಲ ಮೆಲ್ಲಗೆ ಏರಿತ್ತು, ಸೂರು ಇಳಿದಿತ್ತು, ಗೋಡೆಗಳು ಒತ್ತಿ ಬಂದಿದ್ದವು. ಒಂದನೇ ಕ್ಲಾಸಿನ ಬಾಗಿಲು ನನ್ನ ಸೊಂಟಕ್ಕೆ ಬರುತ್ತಿತ್ತು. ಅದರಾಚೆಗೂ ಓಣಿ ಮುಗಿದಿರಲಿಲ್ಲ. ಬೆಕ್ಕು ಹೋಗುವಷ್ಟಾಗಿ, ಇಲಿ ಹೋಗುವಷ್ಟಾಗಿ, ಕೊನೆಗೆ ಇರುವೆಗೆ ಮಾತ್ರ ದಾರಿ ಬಿಟ್ಟು ನಿಂತಿತ್ತು. ಬರೆದ ಹಾಗೇ ಎದ್ದಿತ್ತು, ಒಂದು ಗೆರೆಯೂ ತಪ್ಪಿರಲಿಲ್ಲ.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಸಿ ಹಾಸಿ ಅಂತ ಕೂಗಿದವರೇ ಜೋರಾಗಿ ನಕ್ಕರು. ನಗು ಮುಗಿದ ಮೇಲೆ ಎಲ್ಲರಿಗೂ ಇನ್ಸ್‌ಪೆಕ್ಟರ್ ನೆನಪಾದರು. ಹಿತ್ತಲ ಗೂಡಿನಂಥ ಆ ಕೋಣೆಯಲ್ಲಿ ಯಾವ ಮಗು ಸಂಜೆವರೆಗೆ ಕೂತೀತು? ಬೇರೆ ಜಾಗವೂ ಇಲ್ಲ. ನಾನು ಹಾರ ತೆಗೆದು ಕಮಾನಿನ ಬುಡದಲ್ಲಿಟ್ಟು ಮನೆಗೆ ಬಂದೆ. ಹೊನ್ನಿ ಸೆರಗು ಹಿಡಿದುಕೊಂಡು ಜೊತೆಗೇ ಬಂದಳು. ಅವಳ ಮುಖ ನೋಡಲಿಕ್ಕೆ ನನಗೆ ಧೈರ್ಯವಾಗಲಿಲ್ಲ.

ರಜೆ ಮುಗಿಸಿ ಬಂದ ಫಿಲೋಮಿನಾ ಕಮಾನಿನಡಿ ನಿಂತು ಒಳಗೆ ನೋಡಿದಳು. "ವೀರಮ್ಮ, ಎಂತ ಮಾಡಿದಿರಿ ಮಾರಾಯ್ರೆ!" ಅಂದವಳೇ ನಗಲು ಶುರುಮಾಡಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ನಗು ತಾಯಿ, ನೀನೊಬ್ಬಳು ಬಾಕಿ ಇದ್ದೆ" ಅಂದೆ. ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಆದದ್ದಾಯಿತು. ದೊಡ್ಡ ಮಕ್ಕಳು ಮುಂದೆ, ಸಣ್ಣವರು ಹಿಂದೆ. ನಾನು ಕೂತುಕೊಂಡೇ ತೆವಳಿ ಪಾಠ ಮಾಡುತ್ತೇನೆ. ಉಳಿದದ್ದು ಮಕ್ಕಳ ಇಷ್ಟ." ಮಕ್ಕಳ ಇಷ್ಟ ಏನು ಅಂತ ನಮಗೆಲ್ಲ ಗೊತ್ತೇ ಇತ್ತು.

ಶಾಲೆ ಶುರುವಾಗುವ ದಿನ ಜಯತೀರ್ಥರು ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು ಹಾಕಿಕೊಂಡು ಬಂದು ಕಮಾನಿನ ಪಕ್ಕ ಕುರ್ಚಿ ಹಾಕಿಸಿಕೊಂಡರು. ಒಳಗೆ ಇಣುಕಿ ನೋಡಿ, "ಇದು ಶಾಲೆಯೋ ಸುರಂಗವೋ?" ಅಂದರು. ಬೇರೆ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋದರು. ಹೊನ್ನಿ ಮಾತ್ರ ನನ್ನ ಸೆರಗನ್ನು ಎರಡು ಕೈಯಲ್ಲೂ ಸುತ್ತಿಕೊಂಡು ನಿಂತಿದ್ದಳು. ಅವಳನ್ನು ಕಾಣುತ್ತಲೇ ಜಯತೀರ್ಥರು ಡ್ರೈವರ್‌ಗೆ ಹೇಳಿದರು, "ಮೊದಲು ಓಡೋದು ಇದೇ ನೋಡು."

ಕ್ಲಾಸಿನವರೆಗೆ ಬಿಟ್ಟು ಬರೋಣ ಅಂದರೆ ನನ್ನ ಮಂಡಿ ಬಗ್ಗುವುದಿಲ್ಲ. ಮೂರು ಬಾಗಿಲು ದಾಟುವುದರೊಳಗೆ ಬೆನ್ನು ಹಿಡಿದುಕೊಂಡು ನಿಂತೆ. "ಹೊನ್ನಿ, ಇಲ್ಲಿಂದಾಚೆ ಅಜ್ಜಿಗೆ ಆಗಲ್ಲ ಕಂದ" ಅಂದೆ. ಅವಳು ಮುಂದೆ ನೋಡಿದಳು. ಆಚೆಯ ಬಾಗಿಲುಗಳು ಒಂದಕ್ಕಿಂತ ಒಂದು ಅವಳ ಎತ್ತರಕ್ಕೆ ಇಳಿಯುತ್ತಾ ಹೋಗಿದ್ದವು. ಒಂದರ ಚಿಲಕ ಮುಟ್ಟಿ ನೋಡಿದಳು. ಹುಟ್ಟಿದಾಗಿನಿಂದ ಯಾವ ಚಿಲಕವೂ ಅವಳಿಗೆ ಎಟುಕಿರಲಿಲ್ಲ. ತೆಗೆದಳು, ಹಾಕಿದಳು, ನಕ್ಕಳು. ಮುಂದಿನ ಚಿಲಕಕ್ಕೆ ಓಡಿದಳು. ಸೆರಗು ಯಾವಾಗ ಬಿಟ್ಟಳೋ ನನಗೇ ಗೊತ್ತಾಗಲಿಲ್ಲ. ನಾನು ಹಿಂದಕ್ಕೆ ಬಂದು ಕಮಾನಿನ ಕೆಳಗೆ ನಿಂತೆ.

ಒಂದನೇ ಕ್ಲಾಸಿನ ಬಾಗಿಲಲ್ಲಿ ಅವಳು ತಿರುಗಿದಳು. ಈಗ ಅಳುತ್ತಾಳೆ, ಈಗ ಓಡಿ ಬರುತ್ತಾಳೆ ಅಂತ ನಾನು ಒಂದು ಹೆಜ್ಜೆ ಮುಂದಿಟ್ಟೆ. ಜಯತೀರ್ಥರೂ ಕುರ್ಚಿಯಿಂದ ಎದ್ದರು.

"ಅಜ್ಜೀ, ಇಲ್ಲೇ ಇದೀಯಲ್ಲ!" ಅಂತ ಹೊನ್ನಿ ಕೂಗಿದಳು. "ಎಷ್ಟು ಪುಟ್ಟಕ್ಕಿದೀಯ! ಪುಟ್ಟ ಹುಡುಗಿ ಥರ ಕಾಣ್ತೀಯ!"

ನನಗೆ ಕಂಡದ್ದೇ ಬೇರೆ. ನಾನು ಬರೆದ ಓಣಿ ಗಾವುದ ದೂರ ಹೋಗಿತ್ತು. ಆ ದೂರದ ಬಾಗಿಲಲ್ಲಿ, ಮೇಲುಪಟ್ಟಿಗೆ ತಲೆ ತಾಗುವ ಹಾಗೆ, ಬಾಗಿಲ ತುಂಬಾ, ಒಬ್ಬ ದೊಡ್ಡ ಹೆಂಗಸು ನಿಂತಿದ್ದಳು. ಬೇರೆ ಊರಿಗೆ ಹೋಗಿ ಬೇರೆ ಮನೆಯ ಹೊಸಿಲಲ್ಲಿ ನಿಂತ ಹಾಗೆ. ನನ್ನ ಹೊನ್ನಿ, ಬೆಳೆದವಳು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ನಾನು ಗೊಳೋ ಅಂತ ಅತ್ತುಬಿಟ್ಟೆ.

"ಅಳಬೇಡ ಅಜ್ಜಿ" ಅಂದಳು ಅಲ್ಲಿಂದ. "ಅಲ್ಲೇ ಕೂತಿರು. ಗಂಟೆ ಹೊಡೆದ ಮೇಲೆ ನಾನೇ ಬಂದು ಮನೆಗೆ ಕರ್ಕೊಂಡು ಹೋಗ್ತೀನಿ. ಜಾಣೆ ಅಲ್ವಾ?" ಅಷ್ಟಂದು ಒಳಗೆ ಹೋದಳು. ಅಲ್ಲೇ ಕೂತಿರು, ಜಾಣೆ ಅಲ್ವಾ ಅನ್ನುವುದು ನಾನು ದಿನಾ ಅವಳಿಗೆ ಹೇಳುತ್ತಿದ್ದ ಮಾತು. ನಾನು ಮೂಗೊರೆಸಿಕೊಂಡು, ಹೇಳಿದಲ್ಲೇ ಕೂತೆ.

ಮಧ್ಯಾಹ್ನವಾದರೂ ಯಾರೂ ಓಡಲಿಲ್ಲ. ಆಗಾಗ ಒಂದೊಂದು ಪುಟ್ಟ ತಲೆ ಹೊರಗೆ ಇಣುಕುವುದು, ಕಮಾನಿನತ್ತ ನೋಡುವುದು, ಮೆಟ್ಟಿಲ ಮೇಲೆ ಕೂತ ಅಮ್ಮನೋ ಅಜ್ಜನೋ ಕಂಡ ತಕ್ಷಣ ಒಳಗೆ ಹೋಗುವುದು. ಜಯತೀರ್ಥರಿಗೆ ಅನುಮಾನ ಬಂತು. "ಒಳಗೇನು ಪೆಪ್ಪರಮೆಂಟು ಹಂಚ್ತಿದೀರಾ?" ಅಂತ ತಾವೇ ಹೊರಟರು. ಮೊದಲು ತಲೆ ಬಗ್ಗಿಸಿದರು, ಆಮೇಲೆ ಬೆನ್ನು ಬಗ್ಗಿಸಿದರು, ಕೊನೆಗೆ ಬಿಳಿ ಪ್ಯಾಂಟಿನಲ್ಲೇ ಅಂಬೆಗಾಲಿಟ್ಟರು. ಒಂದನೇ ಕ್ಲಾಸಿನ ಹೊಸಿಲಲ್ಲಿ ಹೇಗೋ ತಿರುಗಿ ನಮ್ಮತ್ತ ಮುಖ ಮಾಡಿ ಕೂತರು. ತುಂಬಾ ಹೊತ್ತು ಏಳಲೇ ಇಲ್ಲ. ಸಿಕ್ಕಿಹಾಕಿಕೊಂಡರೇನೋ ಅಂತ ಡ್ರೈವರ್ ಹಗ್ಗ ಹುಡುಕತೊಡಗಿದ.

ಹೊರಗೆ ಬಂದಾಗ ಅವರ ಮಂಡಿಯೆಲ್ಲ ಸುಣ್ಣ. "ಅಲ್ಲಮ್ಮ" ಅಂದರು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೇ ಕೂತು, "ಇಲ್ಲಿಂದ ನೋಡಿದರೆ ಅದು ಎಲ್ಲೋ ಇದೆ. ಅಲ್ಲಿಂದ ನೋಡಿದರೆ ಬಾಗಿಲು ಇಲ್ಲೇ ಇದೆ, ಕೈ ಚಾಚಿದರೆ ನೀವು ಸಿಗ್ತೀರಿ ಅನ್ನೋ ಹಾಗೆ. ಬೇಕು ಅಂತಲೇ ಹೀಗೆ ಬರೆದಿರಾ?"

ಅವರ ಹಿಂದೆಯೇ ತೆವಳಿ ಹೊರಗೆ ಬಂದಿದ್ದ ಫಿಲೋಮಿನಾಳ ಮುಖ ನೋಡಿದೆ. ಅವಳು ಸೂರು ನೋಡುತ್ತಿದ್ದಳು. "ಮತ್ತೆ!" ಅಂದೆ. "ಸುಮ್ಮನೆ ಬರೀತಾರಾ?"

ಜಯತೀರ್ಥರು ತಮ್ಮ ಮೊದಲ ದಿನ ಶಾಲೆಯಲ್ಲಿ ಎಷ್ಟು ಅತ್ತಿದ್ದರು ಅಂತ ಹೇಳತೊಡಗಿದರು. ಆಮೇಲೆ ಜೇಬಿನಿಂದ ಬೀಗ ತೆಗೆದು ಡ್ರೈವರ್ ಕೈಗೆ ಕೊಟ್ಟು, "ಕಾರಿನಲ್ಲಿ ಇಟ್ಟುಬಿಡಪ್ಪ, ಇಲ್ಲಿ ಇದರ ಕೆಲಸ ಇಲ್ಲ" ಅಂದರು. ನನ್ನ ಯಜಮಾನರು ಅವರಿಗೆ ಒಂದು ಲೋಟ ಚಹಾ ತಂದುಕೊಟ್ಟರು.

ಸಂಜೆ ಗಂಟೆ ಹೊಡೆಯಿತು. ಓಣಿಯ ಕೊನೆಯಲ್ಲಿ ಆ ದೊಡ್ಡ ಹೆಂಗಸು ಮತ್ತೆ ಬಾಗಿಲ ತುಂಬಾ ಬಂದು ನಿಂತಳು. ನನ್ನನ್ನು ಕಂಡು ಕೈ ಬೀಸಿ ನಡೆಯತೊಡಗಿದಳು. ಎರಡನೇ ಕ್ಲಾಸಿನ ಬಾಗಿಲ ಹತ್ತಿರ ಸ್ವಲ್ಪ ಚಿಕ್ಕವಳಾದಳು. ನಾಲ್ಕನೆಯದರ ಹತ್ತಿರ ಇನ್ನೂ ಚಿಕ್ಕವಳಾದಳು. ಒಂದೊಂದು ಬಾಗಿಲಿಗೂ ಕಿರಿದಾಗುತ್ತಾ, ಕಿರಿದಾಗುತ್ತಾ ಬಂದು, ಆ ಆನೆಗಾತ್ರದ ಕಮಾನಿನ ಕೆಳಗೆ ನಿಂತಾಗ ನನ್ನ ಸೊಂಟದಷ್ಟೇ ಇದ್ದಳು, ನನ್ನ ಹೊನ್ನಿ.

"ಬಾ ಅಜ್ಜಿ, ಹೋಗೋಣ" ಅಂತ ಕೈ ಚಾಚಿದಳು. ನಾನು ಅವಳ ಕೈ ಹಿಡಿದುಕೊಂಡು ಎದ್ದೆ.